ಸುಂಕದ ಕಟ್ಟೆಯೂ ಅಚೌರ್ಯಾಣುವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ವ್ಯಾಪಾರಸ್ಥನನ್ನು ದಿನನಿತ್ಯವೂ ಗಲ್ಲಾಪೆಟ್ಟಿಗೆಯ ಬಳಿಯಲ್ಲಿಯೇ ಪರೀಕ್ಷಿಸುವ ವ್ರತವೆಂದರೆ ಅಚೌರ್ಯಾಣುವ್ರತ. ಪರರು ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದೆಂಬುದು ಅದರ ಸಾರ. ಈ ವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಪದಾರ್ಥದಲ್ಲಿ ಕೀಳು ಪದಾರ್ಥವನ್ನು ಬೆರೆಸಿ ಮಾರುವುದು. ಇವುಗಳಲ್ಲಿ ನಾಲ್ಕು ನೇರವಾಗಿ ಅಂಗಡಿಗೆ ಸಂಬಂಧಿಸಿದವು. ನಮ್ಮ ಪೂರ್ವಾಚಾರ್ಯರು ವ್ಯಾಪಾರದ ಒಳಹೊರಗನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಮೂರನೆಯ ಅತಿಚಾರಕ್ಕೆ 'ವಿರುದ್ಧರಾಜ್ಯಾತಿಕ್ರಮ' ಎಂದು ಹೆಸರು. ಸುಂಕದ ಕಟ್ಟೆಯನ್ನು ತಪ್ಪಿಸಿ ಮಾಲು ಸಾಗಿಸುವವನು ಈ ದೋಷಕ್ಕೆ ಗುರಿಯಾಗುತ್ತಾನೆಂಬುದು ಎಲ್ಲ ಶ್ರಾವಕರಿಗೂ ತಿಳಿದ ವಿಷಯ. ಆದರೆ ಇದಕ್ಕೆ ವಿಪರೀತವಾದ ಇನ್ನೊಂದು ಪ್ರಶ್ನೆಯುಂಟು. ಸುಂಕವನ್ನು ತಪ್ಪಿಸುವವನ ಮಾತು ಹಾಗಿರಲಿ, ತನ್ನ ಲಾಭಕ್ಕಾಗಿ ಪರರ ಮೇಲೆ ಸುಂಕ ಹಾಕಿರೆಂದು ಸರ್ಕಾರವನ್ನು ಬೇಡುವವನ ನಡತೆ ಎಂಥದು? ಅವನು ಕಾನೂನನ್ನು ಮೀರುವುದಿಲ್ಲ, ಕಾನೂನನ್ನೇ ಪಡೆದುಕೊಳ್ಳುತ್ತಾನೆ. ಆ ಸುಂಕದ ಹೊರೆ ಮಾತ್ರ ಎಲ್ಲಿಯೋ ಇರುವ ಅಪರಿಚಿತನ ಚೀಲದಿಂದ ಸಂದಾಯವಾಗುತ್ತದೆ. ಅದು ಕೊಟ್ಟದ್ದೋ, ಕೊಡದೆ ಇರುವುದನ್ನು ತೆಗೆದುಕೊಂಡದ್ದೋ?

ಈ ಪ್ರಶ್ನೆ ನಮ್ಮ ದೇಶದಲ್ಲಿ ಬಹಿರಂಗ ವಿಚಾರಣೆಯ ರೂಪದಲ್ಲಿ ಎದ್ದ ಪ್ರಸಂಗಗಳಲ್ಲಿ 1926–27ರ ಹತ್ತಿ ಗಿರಣಿ ಉದ್ಯಮದ ವಿಚಾರಣೆ ಮುಖ್ಯವಾದುದು. ಅದರ ಇತಿಹಾಸವನ್ನು ಅವಲೋಕಿಸುವುದು ವ್ಯಾಪಾರಸ್ಥ ಕುಟುಂಬಗಳಿಗೂ ಧರ್ಮಸಂಸ್ಥೆಗಳ ವಿಶ್ವಸ್ತರಿಗೂ ಉಪಯುಕ್ತವಾಗಬಲ್ಲದು.

ಲ್ಯಾಂಕಾಷೈರಿನ ನೆರಳು

ವಿಚಾರಣೆಯ ಹಿನ್ನೆಲೆಯನ್ನು ತಿಳಿಯಲು ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗಬೇಕು. 1882ರಲ್ಲಿ ಬ್ರಿಟಿಷ್ ಸರ್ಕಾರವು ಭಾರತದ ಆಮದು ಸುಂಕಗಳನ್ನು, ಉಪ್ಪು, ಮದ್ಯ ಮೊದಲಾದ ಕೆಲವನ್ನು ಬಿಟ್ಟು, ತೆಗೆದುಹಾಕಿತು. ಮುಕ್ತ ವ್ಯಾಪಾರವೆಂಬ ತತ್ತ್ವವನ್ನು ಮುಂದಿಟ್ಟರೂ, ಲ್ಯಾಂಕಾಷೈರಿನ ಬಟ್ಟೆಗೆ ಇಲ್ಲಿ ಅಡೆತಡೆ ಇರಬಾರದೆಂಬ ಒತ್ತಾಯವೇ ಅದರ ಹಿಂದಿದ್ದ ಬಲ. ಬೊಕ್ಕಸ ಬರಿದಾದಾಗ 1894ರಲ್ಲಿ ಶೇಕಡಾ 5ರ ಆಮದು ಸುಂಕವನ್ನು ಮತ್ತೆ ವಿಧಿಸಬೇಕಾಯಿತು. ಹತ್ತಿ ಬಟ್ಟೆಯನ್ನು ಮೊದಲು ಹೊರಗಿಟ್ಟು, ಅದೇ ವರ್ಷದ ಕೊನೆಯಲ್ಲಿ ಸೇರಿಸಿದರು. ಆದರೆ ಸೇರಿಸುವಾಗ ಭಾರತದ ಗಿರಣಿಗಳಲ್ಲಿ ತಯಾರಾಗುವ 20 ನಂಬರಿಗೆ ಮೇಲ್ಪಟ್ಟ ನೂಲಿನ ಮೇಲೂ ಸರಿಸಮನಾದ ಉತ್ಪಾದನಾ ಸುಂಕವನ್ನು ಹೇರಿದರು. 1896ರಲ್ಲಿ ಈ ಏರ್ಪಾಡನ್ನು ಬದಲಿಸಿ, ನೂಲನ್ನು ಸುಂಕದಿಂದ ಬಿಟ್ಟು, ವಿದೇಶಿ ಬಟ್ಟೆಯ ಮೇಲೆ ಶೇಕಡಾ 3½ ಆಮದು ಸುಂಕ, ಭಾರತೀಯ ಗಿರಣಿ ಬಟ್ಟೆಯ ಮೇಲೆ ಶೇಕಡಾ 3½ ಉತ್ಪಾದನಾ ಸುಂಕ ಎಂದು ನಿಗದಿಪಡಿಸಿದರು.

ತನ್ನ ದೇಶದಲ್ಲಿಯೇ ತಯಾರಾದ ಬಟ್ಟೆಯ ಮೇಲೆ, ಪರದೇಶದ ಬಟ್ಟೆಗೆ ಅನುಕೂಲವಾಗಲೆಂದೇ ಸುಂಕ ಹಾಕಿದ ಈ ಕ್ರಮವು ಮೂವತ್ತು ವರ್ಷಗಳ ಕಾಲ ರಾಷ್ಟ್ರೀಯ ಅಪಮಾನದ ಗುರುತಾಗಿ ನಿಂತಿತು. ಅದನ್ನು ತೆಗೆಯಬೇಕೆಂದು ವಾದಿಸಿದವರಲ್ಲಿ ಅಹಮದಾಬಾದಿನ ಜೈನ ಗಿರಣಿ ಮಾಲೀಕರಾದ ಕಸ್ತೂರಭಾಯಿ ಲಾಲಭಾಯಿಯವರೂ ಒಬ್ಬರು. 1923ರ ಚುನಾವಣೆಯಲ್ಲಿ ಅವರು ಕೇಂದ್ರ ಶಾಸನ ಸಭೆಯನ್ನು ಪ್ರವೇಶಿಸಿದ್ದರು. ಮುಂದೆ ಆನಂದಜೀ ಕಲ್ಯಾಣಜೀ ಸಂಸ್ಥೆಯ ಅಧ್ಯಕ್ಷರಾಗಿ ದೀರ್ಘಕಾಲ ಸೇವೆ ಸಲ್ಲಿಸಿ, ರಾಣಕಪುರ ಮೊದಲಾದ ತೀರ್ಥಗಳ ಜೀರ್ಣೋದ್ಧಾರ ಮಾಡಿಸಿದವರೂ ಇವರೇ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಈ ಉತ್ಪಾದನಾ ಸುಂಕವು ಗಿರಣಿಯ ಬಟ್ಟೆಗೆ ಮಾತ್ರ ಅನ್ವಯಿಸುತ್ತಿತ್ತು. ಕೈಮಗ್ಗದ ಬಟ್ಟೆಗೆ ಅದು ಇರಲಿಲ್ಲ, 1896ರ ನಂತರ ನೂಲಿಗೂ ಇರಲಿಲ್ಲ. ದೇಶಕ್ಕೆ ಅಪಮಾನವಾಗಿದ್ದ ಅದೇ ಸುಂಕವು ನೇಕಾರನಿಗೆ, ಉದ್ದೇಶವಿಲ್ಲದೆಯೇ, ಅಲ್ಪಸ್ವಲ್ಪ ನೆರಳಾಗಿತ್ತು. ಸುಂಕದ ವಿಷಯದಲ್ಲಿ ಒಬ್ಬನ ನ್ಯಾಯ ಇನ್ನೊಬ್ಬನ ನಷ್ಟವಾಗುವ ಸಂಭವ ಸದಾ ಇರುತ್ತದೆ. ವಿಚಾರಣೆಯ ಅಗತ್ಯ ಬರುವುದೂ ಇದರಿಂದಲೇ.

ರಕ್ಷಣೆಗೆ ಕಟ್ಟಳೆಗಳು

ಮೊದಲನೆಯ ಮಹಾಯುದ್ಧದ ವೆಚ್ಚದಿಂದ ಸುಂಕದ ದರಗಳು ಏರಿದವು. ಹತ್ತಿ ಬಟ್ಟೆಯ ಆಮದು ಸುಂಕವು 1917ರಲ್ಲಿ ಶೇಕಡಾ 7½ಕ್ಕೂ 1921ರಲ್ಲಿ ಶೇಕಡಾ 11ಕ್ಕೂ ಮುಟ್ಟಿತು. ದೇಶದ ಉದ್ಯಮಗಳಿಗೆ ರಕ್ಷಣೆ ಬೇಕೆಂಬ ಕೂಗು ಬಲವಾದಾಗ ಸರ್ಕಾರವು 1921ರಲ್ಲಿ ಸರ್ ಇಬ್ರಾಹಿಂ ರಹೀಮತುಲ್ಲಾ ಅವರ ಅಧ್ಯಕ್ಷತೆಯಲ್ಲಿ ಫಿಸ್ಕಲ್ ಕಮಿಷನ್ನನ್ನು ನೇಮಿಸಿತು. ಘನಶ್ಯಾಮದಾಸ ಬಿರ್ಲಾ, ನರೋತ್ತಮ ಮೊರಾರ್ಜಿ, ಟಿ. ವಿ. ಶೇಷಗಿರಿ ಅಯ್ಯರ್ ಮೊದಲಾದವರು ಸದಸ್ಯರಾಗಿದ್ದರು.

1922ರಲ್ಲಿ ಬಂದ ವರದಿಯು ರಕ್ಷಣೆಯನ್ನು ಒಪ್ಪಿತು, ಆದರೆ ವಿವೇಚನೆಯಿಂದ ಕೊಡಬೇಕೆಂದಿತು. ರಕ್ಷಣೆ ಬೇಡುವ ಉದ್ಯಮಕ್ಕೆ ಕಚ್ಚಾಮಾಲು, ಶಕ್ತಿ, ಕೆಲಸಗಾರರು, ಮಾರುಕಟ್ಟೆ ಮೊದಲಾದ ಸ್ವಾಭಾವಿಕ ಅನುಕೂಲಗಳಿರಬೇಕು. ರಕ್ಷಣೆಯಿಲ್ಲದೆ ಅದು ಬೆಳೆಯದು ಅಥವಾ ಬೇಕಾದಷ್ಟು ವೇಗವಾಗಿ ಬೆಳೆಯದು ಎಂಬುದು ಸ್ಪಷ್ಟವಾಗಬೇಕು. ಕಟ್ಟಕಡೆಗೆ ರಕ್ಷಣೆಯಿಲ್ಲದೆಯೇ ಪ್ರಪಂಚದ ಪೈಪೋಟಿಯನ್ನು ಎದುರಿಸುವ ಯೋಗ್ಯತೆ ಅದಕ್ಕೆ ಬರಬೇಕು. ಈ ಷರತ್ತುಗಳು ಬಿಗಿಯಾದುವೆಂದು ಅಧ್ಯಕ್ಷರೂ ಇತರ ನಾಲ್ವರು ಭಾರತೀಯ ಸದಸ್ಯರೂ ಭಿನ್ನಮತ ಬರೆದರು. ಪರಾಧೀನ ದೇಶದ ಸರ್ಕಾರದ ಕೈಯಲ್ಲಿ ಇಂಥ ಷರತ್ತುಗಳು ನಿರಾಕರಣೆಯ ನೆಪವಾಗಬಹುದೆಂಬ ಅವರ ಭೀತಿ ನಿರಾಧಾರವಾಗಿರಲಿಲ್ಲ.

ಅದೇನೇ ಇರಲಿ, ವರದಿಯ ಒಂದು ಸಲಹೆಯಿಂದ ಹೊಸ ಪದ್ಧತಿಯೊಂದು ಹುಟ್ಟಿತು. ರಕ್ಷಣೆ ಬೇಡುವವರ ಅಹವಾಲನ್ನು ಕಚೇರಿಯ ಕದ ಮುಚ್ಚಿ ತೀರ್ಮಾನಿಸದೆ, ಟ್ಯಾರಿಫ್ ಬೋರ್ಡ್ ಎಂಬ ಮಂಡಳಿಯ ಮುಂದಿಟ್ಟು ಬಹಿರಂಗವಾಗಿ ವಿಚಾರಣೆ ನಡೆಸಬೇಕೆಂಬುದೇ ಆ ಸಲಹೆ. 1923ರಲ್ಲಿ ಮೊದಲ ಮಂಡಳಿ ರಚನೆಯಾಯಿತು. ಉಕ್ಕಿನ ಉದ್ಯಮದ ವಿಚಾರಣೆ ಮೊದಲು ನಡೆದು, 1924ರಲ್ಲಿ ಅದಕ್ಕೆ ರಕ್ಷಣೆ ದೊರೆಯಿತು.

ಮುಂಬಯಿಯ ಸಂಕಟ

ಈ ನಡುವೆ ಮುಂಬಯಿಯ ಹತ್ತಿ ಗಿರಣಿಗಳ ಸ್ಥಿತಿ ಕೆಟ್ಟಿತು. ಯುದ್ಧಾನಂತರದ ಕೆಲವು ವರ್ಷ ಅವು ಅಪಾರ ಲಾಭ ಗಳಿಸಿದ್ದವು. 1923ರ ವೇಳೆಗೆ ಬೆಲೆಗಳು ಇಳಿದವು. ಮುಂಬಯಿಯ ನೂಲಿಗೆ ದೊಡ್ಡ ಗಿರಾಕಿಯಾಗಿದ್ದ ಚೀನಾದ ಮಾರುಕಟ್ಟೆ ಕೈತಪ್ಪಿತು. ಜಪಾನಿನ ಬಟ್ಟೆ ಮತ್ತು ನೂಲು ಇಲ್ಲಿಗೇ ಬರತೊಡಗಿದವು. 1925ರಲ್ಲಿ ಮಾಲೀಕರು ಕೂಲಿಯಲ್ಲಿ ಶೇಕಡಾ 11½ ಕಡಿತ ಮಾಡಲು ಮುಂದಾದರು. ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಸೆಪ್ಟೆಂಬರಿನಿಂದ ಕೆಲಸ ನಿಲ್ಲಿಸಿದರು. ಉತ್ಪಾದನಾ ಸುಂಕವನ್ನು ತೆಗೆದರೆ ಕೂಲಿಯನ್ನು ಕಡಿಯುವುದಿಲ್ಲವೆಂದು ಮಾಲೀಕರು ಹೇಳಿದ್ದರು. ಡಿಸೆಂಬರ್ 1ರಿಂದ ಸರ್ಕಾರವು ಆ ಸುಂಕವನ್ನು ತಡೆಹಿಡಿಯಿತು. ಮಾಲೀಕರು ಮಾತಿನಂತೆ ನಡೆದು ಹಿಂದಿನ ಕೂಲಿಯನ್ನೇ ಮುಂದುವರಿಸಿದರು. 1926ರಲ್ಲಿ ಆ ಸುಂಕವು ಶಾಶ್ವತವಾಗಿ ರದ್ದಾಯಿತು.

ಇಷ್ಟರಿಂದ ಸಂಕಟ ನಿವಾರಣೆಯಾಗಲಿಲ್ಲ. ಗಿರಣಿ ಮಾಲೀಕರು ಹೆಚ್ಚಿನ ಆಮದು ಸುಂಕಕ್ಕಾಗಿ ಕೋರಿಕೆ ಸಲ್ಲಿಸಿದರು. 1926ರ ಜೂನಿನಲ್ಲಿ ಇದಕ್ಕಾಗಿಯೇ ವಿಶೇಷ ಟ್ಯಾರಿಫ್ ಬೋರ್ಡ್ ನೇಮಕವಾಯಿತು. ಫ್ರಾಂಕ್ ನಾಯ್ಸ್ ಅಧ್ಯಕ್ಷರು. ಹರಿಕಿಶನ್ ಕೌಲ್ ಹಾಗೂ ಎನ್. ಎಸ್. ಸುಬ್ಬರಾವ್ ಸದಸ್ಯರು. ಸುಬ್ಬರಾಯರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದವರು. 1935ರಲ್ಲಿ ಮುಂಬಯಿಯಲ್ಲಿಯೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೂ ಅವರು ಅಲಂಕರಿಸಿದರು. ದೇಶದ ಅತಿ ದೊಡ್ಡ ಉದ್ಯಮದ ಲೆಕ್ಕಪತ್ರಗಳನ್ನು ಪರೀಕ್ಷಿಸಲು ಕನ್ನಡಿಗರೊಬ್ಬರು ಕುಳಿತಿದ್ದರೆಂಬುದು ಸ್ಮರಣೀಯ.

ಬಿಚ್ಚಿದ ಲೆಕ್ಕ

ವಿಚಾರಣೆಯ ಕ್ರಮ ಹೀಗಿತ್ತು. ಮಂಡಳಿಯು ಮುದ್ರಿತ ಪ್ರಶ್ನಾವಳಿಯನ್ನು ಕಳುಹಿಸುತ್ತಿತ್ತು. ಗಿರಣಿ ಮಾಲೀಕರ ಸಂಘ, ವ್ಯಾಪಾರಿ ಸಂಘಗಳು, ಕಾರ್ಮಿಕರ ಪ್ರತಿನಿಧಿಗಳು ಲಿಖಿತ ಹೇಳಿಕೆ ಸಲ್ಲಿಸಿ, ಬಳಿಕ ಖುದ್ದಾಗಿ ಹಾಜರಾಗಿ ಸಾಕ್ಷ್ಯ ನುಡಿಯಬೇಕಾಗಿತ್ತು. ಒಂದು ಪೌಂಡು ನೂಲಿಗೆ ಹತ್ತಿಯ ವೆಚ್ಚವೆಷ್ಟು, ಕೂಲಿಯೆಷ್ಟು, ಸವಕಳಿಗೆ ಎಷ್ಟು ತೆಗೆದಿಟ್ಟಿರಿ, ಲಾಭಾಂಶವೆಷ್ಟು ಹಂಚಿದಿರಿ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿತ್ತು. ಈ ಸಾಕ್ಷ್ಯಗಳು ವರದಿಯೊಡನೆ ಸಂಪುಟಗಳಾಗಿ ಮುದ್ರಣಗೊಂಡು ಯಾರು ಬೇಕಾದರೂ ಓದುವಂತಾದವು.

ರಕ್ಷಣೆ ಬೇಡಿ ಬಂದವನು ತನ್ನ ಕಿರ್ದಿ ಖಾತೆಗಳನ್ನು ಬಿಚ್ಚಿಡಬೇಕಾದಾಗ ಹೊರಬರುವ ಸಂಗತಿಗಳೆಲ್ಲ ಅವನಿಗೆ ಪ್ರಿಯವಾಗಿರುವುದಿಲ್ಲ. ಅರಸಿನ ಕಾಲದ ಅನ್ಯಾಯ, ಹುಂಡಿಯ ದರ, ಜಪಾನಿನ ಪೈಪೋಟಿ ಇವುಗಳ ಜೊತೆಗೆ ಸ್ವಯಂಕೃತ ದೋಷಗಳೂ ಬೆಳಕಿಗೆ ಬಂದವು. ಸುಭಿಕ್ಷದ ವರ್ಷಗಳಲ್ಲಿ ಧಾರಾಳವಾಗಿ ಲಾಭಾಂಶ ಹಂಚಿದ್ದು, ಬಂಡವಾಳದ ಲೆಕ್ಕವನ್ನು ಅತಿಯಾಗಿ ಉಬ್ಬಿಸಿದ್ದು, ನವಿರಾದ ನೂಲಿನ ಕಡೆಗೆ ಗಮನ ಕೊಡದಿದ್ದುದು, ಬಿಳುಪು ಮಾಡುವ, ಬಣ್ಣ ಹಾಕುವ ಕೆಲಸಗಳನ್ನು ಬೆಳೆಸದಿದ್ದುದು ಇವೆಲ್ಲ ಚರ್ಚೆಗೆ ಬಂದವು. ಮ್ಯಾನೇಜಿಂಗ್ ಏಜೆಂಟರ ಕಮಿಷನ್ನಿನ ಪ್ರಶ್ನೆಯೂ ಎದ್ದಿತು. ಹಿಂದಿನ ಕಾಲದಲ್ಲಿ ತಯಾರಾದ ಪ್ರತಿ ಪೌಂಡಿಗೆ ಕಾಲಾಣೆಯಂತೆ ಕಮಿಷನ್ ಪಡೆಯುವ ರೂಢಿಯಿತ್ತು. ಷೇರುದಾರನಿಗೆ ಲಾಭವಿರಲಿ ಬಿಡಲಿ, ಏಜೆಂಟನಿಗೆ ತನ್ನ ಪಾಲು ನಿಶ್ಚಿತ. ಲಾಭದ ಮೇಲೆ ಮಾತ್ರ ಕಮಿಷನ್ ಎಂಬ ಪದ್ಧತಿ ಮುಂಬಯಿಯಲ್ಲಿ ಕ್ರಮೇಣ ಬಂದುದು.

ಜಪಾನಿನ ವಿಷಯದಲ್ಲಿ ಮಂಡಳಿಯು ಕಂಡುಕೊಂಡ ಸಂಗತಿ ಧರ್ಮದೃಷ್ಟಿಯಿಂದ ಚಿಂತನಾರ್ಹವಾದುದು. ಅಲ್ಲಿಯ ಗಿರಣಿಗಳು ಹಗಲಿರುಳು ಎರಡು ಪಾಳಿಗಳಲ್ಲಿ ನಡೆಯುತ್ತಿದ್ದವು. ರಾತ್ರಿ ಪಾಳಿಯಲ್ಲಿ ಹೆಂಗಸರನ್ನೂ ಎಳೆಯರನ್ನೂ ದುಡಿಸುತ್ತಿದ್ದರು. ಭಾರತದ ಕಾರ್ಖಾನೆ ಕಾನೂನು ಹೆಂಗಸರ ರಾತ್ರಿ ದುಡಿಮೆಯನ್ನು ನಿಷೇಧಿಸಿತ್ತು. ಅಂದರೆ ಜಪಾನಿನ ಬಟ್ಟೆಯ ಅಗ್ಗದ ಬೆಲೆಯಲ್ಲಿ ಒಂದು ಅಂಶವು ಮಾನವ ಶರೀರದ ಸವೆತದಿಂದ ಬಂದುದಾಗಿತ್ತು. ಈ ಅನುಚಿತ ಅನುಕೂಲವನ್ನು ಮಂಡಳಿಯು ಶೇಕಡಾ 4ರಷ್ಟೆಂದು ಎಣಿಸಿತು. ಬಹುಮತದ ಸದಸ್ಯರಾದ ಕೌಲ್ ಮತ್ತು ಸುಬ್ಬರಾವ್ ಬಟ್ಟೆಯ ಆಮದು ಸುಂಕವನ್ನು ಶೇಕಡಾ 11ರಿಂದ 15ಕ್ಕೆ ಮೂರು ವರ್ಷಗಳ ಅವಧಿಗೆ ಏರಿಸಿ, ನವಿರಾದ ನೂಲು ತಯಾರಿಸುವವರಿಗೆ ಸಹಾಯಧನ ಕೊಡಬೇಕೆಂದರು. ಈ ಹೆಚ್ಚಳವು ಜಪಾನಿನ ಮಾಲಿಗೆ ಮಾತ್ರ ಇರಬೇಕೆಂದು ಅಧ್ಯಕ್ಷರು ಭಿನ್ನಮತ ಬರೆದರು.

ನೇಕಾರನ ಪಾಲು

ಒಂದು ವಿಷಯದಲ್ಲಿ ಮಾತ್ರ ಮೂವರಲ್ಲಿಯೂ ಭಿನ್ನಾಭಿಪ್ರಾಯವಿರಲಿಲ್ಲ. ನೂಲಿನ ಮೇಲಿನ ಸುಂಕವನ್ನು ಏರಿಸಬೇಕೆಂಬ ಗಿರಣಿಗಳ ಕೋರಿಕೆಯನ್ನು ಮಂಡಳಿ ಒಪ್ಪಲಿಲ್ಲ. ಏರಿಸಿದರೆ ಅದರ ಭಾರ ಕೈಮಗ್ಗದ ಮೇಲೆ ಬೀಳುವುದೆಂಬುದೇ ಕಾರಣ. ಗಿರಣಿಗೆ ನೂಲು ತಯಾರಾದ ಮಾಲು. ನೇಕಾರನಿಗೆ ಅದೇ ಕಚ್ಚಾಮಾಲು. ಇಳಕಲ್ಲಿನ, ಗುಳೇದಗುಡ್ಡದ ನೇಕಾರನು ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವಷ್ಟು ಶಕ್ತನಲ್ಲ. ಹಾಗಿದ್ದರೂ ಅಲ್ಲಿಲ್ಲದವನ ಹಿತವನ್ನು ಎಣಿಕೆಗೆ ತೆಗೆದುಕೊಂಡು ಮಂಡಳಿ ನಿರ್ಣಯಿಸಿತು. ಆ ವರದಿಯ ಅತ್ಯುತ್ತಮ ಭಾಗ ಇದೇ ಎನ್ನಬೇಕು.

ಆದರೆ ನಡೆದುದೇ ಬೇರೆ. 1927ರಲ್ಲಿ ಸರ್ಕಾರವು ಬಟ್ಟೆಯ ಸುಂಕವನ್ನು ಏರಿಸಲೂ ಸಹಾಯಧನ ಕೊಡಲೂ ಒಪ್ಪದೆ, ಯಂತ್ರಸಾಮಗ್ರಿಯ ಮೇಲಿನ ಸುಂಕವನ್ನು ತೆಗೆಯುವುದೇ ಮೊದಲಾದ ಪರಿಹಾರಗಳನ್ನು ಮುಂದಿಟ್ಟಿತು. ಮಾಲೀಕರು ತೀವ್ರವಾಗಿ ಪ್ರತಿಭಟಿಸಿದರು. ಆಗ, ಯಾವುದನ್ನು ಮಂಡಳಿ ಬೇಡವೆಂದಿತ್ತೋ ಅದನ್ನೇ ಸರ್ಕಾರ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಮದು ನೂಲಿನ ಮೇಲೆ ಶೇಕಡಾ 5 ಅಥವಾ ಪೌಂಡಿಗೆ 1½ ಆಣೆ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ವಸೂಲು ಮಾಡುವಂತೆ ಕಾನೂನಾಯಿತು.

ಈ ಪುಟ್ಟ ವಾಕ್ಯದೊಳಗಿನ ಲೆಕ್ಕವನ್ನು ವ್ಯಾಪಾರಸ್ಥರು ಬಿಡಿಸಿ ನೋಡಬೇಕು. ರೂಪಾಯಿಗೆ 16 ಆಣೆ. 1½ ಆಣೆಯು ಶೇಕಡಾ 5ಕ್ಕೆ ಸಮನಾಗಬೇಕಾದರೆ ನೂಲಿನ ಬೆಲೆ ಪೌಂಡಿಗೆ 30 ಆಣೆ, ಅಂದರೆ 1 ರೂಪಾಯಿ 14 ಆಣೆ ಇರಬೇಕು. ಅದಕ್ಕಿಂತ ಹೆಚ್ಚು ಬೆಲೆಯ ನವಿರಾದ ನೂಲಿಗೆ ಹಳೆಯ ಶೇಕಡಾ 5ರ ಸುಂಕವೇ ಉಳಿಯಿತು. ಪೌಂಡಿಗೆ 1 ರೂಪಾಯಿ ಬೆಲೆಯ ನೂಲಿಗೆ ಸುಂಕವು ಶೇಕಡಾ 9ನ್ನು ಮೀರಿತು. ಬೆಲೆ 15 ಆಣೆಯಾದರೆ ಅದು ಸರಿಯಾಗಿ ಶೇಕಡಾ 10, ಹಿಂದಿನದರ ಇಮ್ಮಡಿ. ನೂಲು ಅಗ್ಗವಾದಷ್ಟೂ ಸುಂಕದ ಪ್ರಮಾಣ ಹೆಚ್ಚು. ನೇಕಾರನು ಕೊಳ್ಳುವುದು ದೇಶದ ಗಿರಣಿಯ ನೂಲೇ ಆದರೂ ಅವನು ಪಾರಾಗಲಾರ, ಏಕೆಂದರೆ ಪರದೇಶದ ನೂಲಿನ ಬೆಲೆ ಏರಿದಾಗ ಅದಕ್ಕೆ ಸ್ಪರ್ಧಿಸುವ ಸ್ವದೇಶದ ನೂಲೂ ತನ್ನ ಬೆಲೆಯನ್ನು ಏರಿಸಿಕೊಳ್ಳಬಲ್ಲದು. ಸರ್ಕಾರದ ಬೊಕ್ಕಸಕ್ಕೆ ಒಂದು ಕಾಸೂ ಸಲ್ಲದ ಈ ಏರಿಕೆ ಗಿರಣಿಯ ಖಾತೆಯಲ್ಲಿ ಜಮೆಯಾಗುತ್ತದೆ. ಅದಕ್ಕೆ ಎದುರಾದ ಖರ್ಚು ನೇಕಾರನ ಮನೆಯಲ್ಲಿ ಬೀಳುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ ಬರೆಯಲ್ಪಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಗಿರಣಿ ಮಾಲೀಕರು ದುಷ್ಟರಾಗಿದ್ದರೆಂದು ಇದರಿಂದ ತಿಳಿಯಬಾರದು. ಜಪಾನಿನ ಪೈಪೋಟಿ ನಿಜ. ಪರಾಧೀನ ಸರ್ಕಾರದ ಮೀನಮೇಷವೂ ನಿಜ. ಗಿರಣಿಗಳು ಮುಚ್ಚಿದ್ದರೆ ಲಕ್ಷಾಂತರ ಕುಟುಂಬಗಳ ಅನ್ನ ಹೋಗುತ್ತಿತ್ತು. ಆದರೆ ತನ್ನ ಕಷ್ಟ ನಿಜವೆಂಬ ಮಾತ್ರಕ್ಕೆ ಅದರ ಭಾರವನ್ನು ತನಗಿಂತ ದುರ್ಬಲನ ಹೆಗಲಿಗೆ ದಾಟಿಸುವುದು ಧರ್ಮವಾಗುವುದಿಲ್ಲ.

ನಂತರದ ವರ್ಷಗಳು

ಜಪಾನಿನಲ್ಲಿ ಹೆಂಗಸರ ರಾತ್ರಿ ದುಡಿಮೆಗೆ 1929ರಲ್ಲಿ ನಿಷೇಧ ಬಂದಿತು. ಆದರೂ ಸುಂಕಗಳು ಇಳಿಯಲಿಲ್ಲ. 1930ರ ಕಾನೂನು ಬ್ರಿಟಿಷ್ ಬಟ್ಟೆಗೆ ಶೇಕಡಾ 15, ಇತರ ದೇಶಗಳ ಬಟ್ಟೆಗೆ ಶೇಕಡಾ 20 ಎಂದು ಗೊತ್ತುಮಾಡಿತು. ರಕ್ಷಣೆಯ ಹೆಸರಿನಲ್ಲಿ ಲ್ಯಾಂಕಾಷೈರಿಗೂ ಒಂದು ಪಾಲು ಸಂದಿತು. ಬ್ರಿಟಿಷೇತರ ಬಟ್ಟೆಯ ಸುಂಕವು 1933ರಲ್ಲಿ ಶೇಕಡಾ 75ಕ್ಕೆ ಏರಿದಾಗ ಜಪಾನ್ ಭಾರತದ ಹತ್ತಿಯನ್ನು ಕೊಳ್ಳುವುದನ್ನೇ ನಿಲ್ಲಿಸಿತು. ಹತ್ತಿ ಬೆಳೆಗಾರನು ಸುಂಕವನ್ನು ಕೇಳಿದವನೂ ಅಲ್ಲ, ಕೊಟ್ಟವನೂ ಅಲ್ಲ. ಆದರೂ ಪೆಟ್ಟು ಅವನಿಗೆ ಬಿದ್ದಿತು. 1934ರ ಒಪ್ಪಂದದಂತೆ ಸುಂಕ ಶೇಕಡಾ 50ಕ್ಕೆ ಇಳಿದು, ಜಪಾನ್ 10 ಲಕ್ಷ ಬೇಲು ಹತ್ತಿ ಕೊಂಡರೆ 32½ ಕೋಟಿ ಗಜ ಬಟ್ಟೆಯನ್ನು ಇಲ್ಲಿಗೆ ತರಬಹುದೆಂಬ ಏರ್ಪಾಡಾಯಿತು.

ನೇಕಾರನ ಸ್ಥಿತಿಗತಿಯನ್ನೇ ಮುಖ್ಯ ವಿಷಯವಾಗಿ ಪರಿಶೀಲಿಸಲು ಕೈಮಗ್ಗ ಮತ್ತು ಗಿರಣಿಗಳ ಸತ್ಯಶೋಧನ ಸಮಿತಿ ನೇಮಕವಾದುದು 1941ರಲ್ಲಿ. ನೂಲಿನ ಸುಂಕ ಏರಿದ ಹದಿಮೂರು ವರ್ಷಗಳ ಮೇಲೆ ಅವನ ಸರದಿ ಬಂದಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಶಾಸನಬದ್ಧವಾದ ಟ್ಯಾರಿಫ್ ಕಮಿಷನ್ ಸ್ಥಾಪನೆಯಾಗಿ 1976ರವರೆಗೆ ಇತ್ತು. ಪರದೇಶದ ಮಾಲು ಅನುಚಿತವಾಗಿ ಅಗ್ಗದ ಬೆಲೆಗೆ ಬಂದು ಬೀಳುತ್ತಿದೆಯೆಂದು ದೂರುವ ಉದ್ಯಮಗಳು ಇಂದಿಗೂ ಕೇಂದ್ರ ವಾಣಿಜ್ಯ ಸಚಿವಾಲಯದ ವಿಭಾಗದ ಮುಂದೆ ಲೆಕ್ಕ ಒಪ್ಪಿಸಿ, ಆ ಮಾಲನ್ನು ಬಳಸುವವರ ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ಪದ್ಧತಿಯ ಬೇರು 1923ರಷ್ಟು ಹಳೆಯದು.

ಶ್ರಾವಕನ ವಿವೇಚನೆ

ಆರಂಭದ ಪ್ರಶ್ನೆಗೆ ಈಗ ಉತ್ತರ ಹುಡುಕಬಹುದು. ಸಮಾಜದ ಹಿತಕ್ಕಾಗಿ, ಬಹಿರಂಗವಾಗಿ ಲೆಕ್ಕ ಒಪ್ಪಿಸಿ, ಗೊತ್ತಾದ ಅವಧಿಗೆ ಪಡೆದ ರಕ್ಷಣೆಯು ಅಚೌರ್ಯಕ್ಕೆ ವಿರುದ್ಧವಲ್ಲ. ಅದು ಸಮಾಜವು ತಿಳಿದು ಕೊಟ್ಟ ಸಾಲದಂತೆ. ಅದಕ್ಕೆ ಮರುಪಾವತಿಯ ಹೊಣೆಯುಂಟು. ಒಳ್ಳೆಯ ಮಾಲು, ನ್ಯಾಯವಾದ ಕೂಲಿ, ತಕ್ಕ ಬೆಲೆ, ಇವೇ ಆ ಮರುಪಾವತಿ. 1925ರಲ್ಲಿ ಸುಂಕ ಹೋದಾಗ ಕೂಲಿಯನ್ನು ಕಡಿಯದೆ ಉಳಿಸಿದ್ದು ಇಂಥ ಮರುಪಾವತಿಯ ನಿದರ್ಶನ. ಆದರೆ ಲೆಕ್ಕವನ್ನು ಮುಚ್ಚಿಟ್ಟು ಪಡೆದ ರಿಯಾಯಿತಿ, ಕಾಲ ಕಳೆದರೂ ಬಿಡದೆ ಹಿಡಿದ ರಿಯಾಯಿತಿ, ಬಾಯಿಲ್ಲದವನ ಹೊಟ್ಟೆಯ ಮೇಲೆ ನಿಂತ ರಿಯಾಯಿತಿ, ಇವು ಕಾನೂನಿನ ದೃಷ್ಟಿಯಲ್ಲಿ ಶುದ್ಧವಾದರೂ ವ್ರತದ ದೃಷ್ಟಿಯಲ್ಲಿ ಶುದ್ಧವೆನಿಸಲಾರವು. ರಾಜ್ಯದ ಕಟ್ಟಳೆಯನ್ನು ಮೀರಬಾರದೆಂಬ ನಿಯಮದ ಹಿಂದಿರುವ ಆಶಯ ಪರಸ್ವವನ್ನು ಮುಟ್ಟಬಾರದೆಂಬುದೇ ಆಗಿರುವಾಗ, ಕಟ್ಟಳೆಯ ಮೂಲಕವೇ ಪರಸ್ವವನ್ನು ತರಿಸಿಕೊಳ್ಳುವುದಕ್ಕೆ ಆ ನಿಯಮವು ಹೇಗೆ ತಾನೇ ಒಪ್ಪಿಗೆ ಕೊಟ್ಟೀತು?

ಈ ವಿವೇಚನೆ ದೊಡ್ಡ ಗಿರಣಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪೇಟೆಯ ವರ್ತಕರ ಸಂಘವು ಹೊಸಬರಿಗೆ ಪರವಾನಗಿ ಕೊಡಬೇಡಿರೆಂದು ಪುರಸಭೆಗೆ ಅರ್ಜಿ ಹಾಕುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಬಸದಿಗಳ, ಧರ್ಮಸಂಸ್ಥೆಗಳ ವಿಶ್ವಸ್ತ ಮಂಡಳಿಗಳಿಗೂ ಇದು ಅನ್ವಯಿಸುತ್ತದೆ. ಧರ್ಮದಾಯ ಸಂಸ್ಥೆಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯುತ್ತದೆ. ಆ ಸಂಸ್ಥೆ ತೆರದಿರುವ ಹಣವನ್ನು ನಾಡಿನ ಇತರರು ತುಂಬಿಕೊಡುತ್ತಾರೆ. ಅವರಲ್ಲಿ ಬಸದಿಯ ಹೊಸ್ತಿಲನ್ನು ಎಂದೂ ತುಳಿಯದವರೂ ಇದ್ದಾರೆ. ಆದ್ದರಿಂದ ಭಂಡಾರದ ಲೆಕ್ಕವನ್ನು ವರ್ಷಕ್ಕೊಮ್ಮೆ ಸಮಾಜದ ಎದುರು ಓದಿ ಹೇಳುವುದು ಕೇವಲ ಶಿಷ್ಟಾಚಾರವಲ್ಲ, ಅದು ವ್ರತಪಾಲನೆಯ ಒಂದು ಅಂಗ. ಅಲ್ಲಿ ಎದ್ದು ಪ್ರಶ್ನೆ ಕೇಳುವ ಸಾಮಾನ್ಯ ಸದಸ್ಯನನ್ನು ವಿರೋಧಿಯೆಂದು ಬಗೆಯದೆ, ವ್ರತಕ್ಕೆ ಸಹಾಯಕನೆಂದು ಭಾವಿಸುವುದು ಯೋಗ್ಯ.

ಇಳಕಲ್ಲಿನ ನೇಕಾರನು 1926ರ ಸಭಾಂಗಣದಲ್ಲಿರಲಿಲ್ಲ. ಆದರೂ ಅವನನ್ನು ನೆನೆದು ಮೂವರು ಸದಸ್ಯರು ಒಮ್ಮತದಿಂದ ಬರೆದರು. ಅವರ ಮಾತು ನಡೆಯದಿದ್ದರೂ ಬರಹ ಉಳಿದಿದೆ. ಶ್ರಾವಕನಾದವನು ತನ್ನ ಲಾಭವನ್ನು ಎಣಿಸುವಾಗ, ಎದುರಿನಲ್ಲಿಲ್ಲದ ಆ ಮೂರನೆಯವನಿಗಾಗಿ ಖಾತೆಯಲ್ಲಿ ಒಂದು ಪುಟವನ್ನು ತೆರೆದಿಡುವುದು ಅಚೌರ್ಯಾಣುವ್ರತಕ್ಕೆ ಭೂಷಣವಾದೀತು.